ಬಾಕ್ಸಿಗೆ ಹೋಗದ ವೈರು

ಕೃಷ್ಣರಾಜನಗರ
24 ಜನವರಿ 2024

ಸುಕನ್ಯ ಮಗಳೇ,

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾನಲ್ಲ ಮಾವ ಎಂದು ನಗಬೇಡ. ನನ್ನ ಫೋನಿನಲ್ಲಿ ಈಚೆಗೆ ಯಾರು ಮಾತಾಡಿದರೂ ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡು ಮಾತಾಡಿದ ಹಾಗೆ ಕೇಳುತ್ತದೆ. ಫೋನೇ ಸರಿಯಿಲ್ಲ. ಅದೂ ಅಲ್ಲದೆ ಇವತ್ತಿನದು ಕೂಗಿ ಹೇಳುವ ವಿಷಯವಲ್ಲ, ಕೂತು ಬರೆಯುವ ವಿಷಯ.

ಹೋದ ಭಾನುವಾರದ ಹಾಡಿನ ಕಾರ್ಯಕ್ರಮ ಇನ್ನೂ ತಲೆಯಿಂದ ಇಳಿದಿಲ್ಲ ಕಣವ್ವ. ಮಹೇಶ್‌ಕುಮಾರ್ ಅವರ ತೋಟ, ಹಿಂದೆ ಕಬಿನಿಯ ಹಿನ್ನೀರು, ಮಾವಿನ ಮರಗಳ ಕೆಳಗೆ ಜನ. ನಾನು ಭೇರ್ಯದಿಂದ ಪಿರಿಯಾಪಟ್ಟಣದವರೆಗೆ ಮದುವೆ, ಆರ್ಕೆಸ್ಟ್ರಾ, ಎಲೆಕ್ಷನ್ ಭಾಷಣ ಎಂದು ಸ್ಪೀಕರ್ ಬಾಕ್ಸು ಹೊತ್ತು ಅರ್ಧ ಆಯಸ್ಸು ಕಳೆದವನು. ಬ್ಲೂಗ್ರಾಸ್ ಎಂದರೆ ಅಮೆರಿಕದ ಬೆಟ್ಟಗಾಡಿನವರ ಹಾಡು ಎಂದು ನೀನು ಮೊದಲ ಸಲ ಹೇಳಿದಾಗ, 'ನಮ್ಗ್ಯಾಕವ್ವ ಅವ್ರ ಉಸಾಬರಿ' ಅಂದಿದ್ದೆ. ಈಗ ನನಗೆ ಬೇರೆ ಯಾವ ಕೆಲಸವೂ ರುಚಿಸುವುದಿಲ್ಲ. ಡ್ರಮ್ಮಿಲ್ಲ, ಕೀಬೋರ್ಡಿಲ್ಲ. ಬರೀ ತಂತಿ ಮತ್ತು ಗಂಟಲು. ಐದು ಜನ ಒಂದೇ ಮೈಕಿನ ಸುತ್ತ, ಚಳಿಗೆ ಬೆಂಕಿ ಕಾಯಿಸಿಕೊಳ್ಳುವವರ ಹಾಗೆ ನಿಲ್ಲುತ್ತಾರೆ. ಯಾರ ಸರದಿಯೋ ಅವರು ಒಂದು ಹೆಜ್ಜೆ ಮುಂದೆ ಬರುತ್ತಾರೆ, ಮುಗಿದ ಮೇಲೆ ತಾವಾಗಿ ಹಿಂದೆ ಸರಿಯುತ್ತಾರೆ. ಪಕ್ಕದಲ್ಲಿ ಆಸರೆಗೆ ಇಟ್ಟ ಚಿಕ್ಕ ಮೈಕುಗಳ ಸದ್ದನ್ನು ಅದಕ್ಕೆ ತಕ್ಕಂತೆ ಮಿಕ್ಸರಿನಲ್ಲಿ ಎತ್ತುವುದು, ಇಳಿಸುವುದು ನಮ್ಮ ಕೆಲಸ. ತೆರೆದ ಬಯಲಲ್ಲಿ ಅದು ಸುಲಭವಲ್ಲ ಎಂದು ನಿನಗೆ ಹೇಳಬೇಕೆ?

ಎರಡನೇ ಹಾಡಿಗೆ ನೀರಿನ ಕಡೆಯಿಂದ ಗಾಳಿ ಎದ್ದು ಮೈಕಿನಲ್ಲಿ ಬುಸ್ ಬುಸ್ ಅಂದಾಗ ಕೆಳಗಿನ ಸ್ವರಗಳನ್ನು ಕತ್ತರಿಸಿದೆ, ನೋಡಿದೆಯಾ? ಮೂರನೆಯದರಲ್ಲಿ ಮ್ಯಾಂಡೊಲಿನ್‌ನವನು ನಾಚಿಕೊಂಡು ಹಿಂದೆಯೇ ನಿಂತ. ಅವನನ್ನು ಬೆರಳಲ್ಲಿ ಹಿಡಿದು ಮೇಲೆತ್ತಿದೆ. ಆಮೇಲೆ ಶ್ಯಾಮಲಾ ಪಿಟೀಲು ಹಿಡಿದೇ ಕೆಳಗಿಳಿದು ಬಂದು, 'ಸೋಮಣ್ಣ, ಇವತ್ತಿನ ಹಾಗೆ ಯಾವತ್ತೂ ಕೇಳಿರಲಿಲ್ಲ' ಅಂದರು. ನನ್ನ ಮುಖ ನೋಡಿ ಹೇಳಲಾಗಲಿಲ್ಲ ಅವರಿಗೆ. ಕಣ್ಣಲ್ಲಿ ನೀರಿತ್ತು.

ಮಹೇಶ್‌ಕುಮಾರ್ ಮುಂದಿನ ವರ್ಷವೂ ನೀವೇ ಅಂದಿದ್ದಾರೆ. ಹಿಂದಿನ ವರ್ಷ ಮೈಕು ಕೂಗಿದ್ದನ್ನು ಎಲ್ಲರೂ ಮರೆತರು. ನೀನೂ ಮರೆತುಬಿಡು. ಆ ಟ್ಯಾಬ್ ಹಿಡಿದು ವೇದಿಕೆ ಪಕ್ಕದಲ್ಲಿ ಒಬ್ಬಳೇ ಕೂತಿದ್ದೆಯಲ್ಲ, ಮುಂದಿನ ಸಲ ನನ್ನ ಪಕ್ಕ ಕೂರು. ಕಲಿಯುವುದು ಇನ್ನೂ ಇದೆ.

ನಿನ್ನ ಮಾವ,
ಸೋಮಶೇಖರ


ಹ್ಯಾಂಡ್‌ಪೋಸ್ಟ್
5 ಫೆಬ್ರವರಿ 2024

ಮಾವ,

ನಿಮ್ಮ ಕಾಗದ ಬಂತು. ಎರಡು ಸಲ ಓದಿದೆ. ನಿಮಗೆ ಸಂತೋಷವಾಗಿದ್ದು ನನಗೂ ಸಂತೋಷ.

ಇಲ್ಲಿನ ಮೈಕು, ಬಾಕ್ಸಿನ ಅಂಗಡಿ ನಡೆಯುತ್ತಿದೆ. ಕೋಟೆ ಪಟ್ಟಣದ ಒಂದು ಶಾಲೆಯ ವಾರ್ಷಿಕೋತ್ಸವ ಮುಗಿಯಿತು. ನಾಳೆ ಅಂತರಸಂತೆಯಲ್ಲಿ ಮದುವೆ.

ಒಂದು ಮಾತು. ಮೈಸೂರಿನ ಕಿವಿ ಆಸ್ಪತ್ರೆಗೆ ಒಮ್ಮೆ ಹೋಗಿಬನ್ನಿ. ಫೋನು ಸರಿಯಾಗಿದೆ ಎಂದು ನಿಮ್ಮ ಅಂಗಡಿಯ ಮಲ್ಲೇಶ ಹೇಳಿದ. ನಾನೂ ಜೊತೆಗೆ ಬರುತ್ತೇನೆ. ಅತ್ತೆಗೂ ಹೇಳಿದ್ದೇನೆ.

ಬರೆಯಬೇಕಾದದ್ದು ಇನ್ನೂ ಇದೆ. ಇವತ್ತು ಆಗುತ್ತಿಲ್ಲ.

ಸುಕನ್ಯ


ಕೃಷ್ಣರಾಜನಗರ
21 ಫೆಬ್ರವರಿ 2024

ಸುಕನ್ಯ,

ಬರೆಯಲಾಗದೆ ಉಳಿದದ್ದು ಏನೆಂದು ಗೊತ್ತಾಯಿತು. ನೀನು ಕಷ್ಟಪಡಬೇಕಾಗಿಲ್ಲ, ಮಲ್ಲೇಶ ಹೇಳಿಬಿಟ್ಟ.

ಪಾಪ, ಅವನಿಗೆ ನನಗೆ ಗೊತ್ತಿಲ್ಲ ಎಂಬುದು ಗೊತ್ತಿರಲಿಲ್ಲ. ಅಂಗಡಿ ಮುಂದೆ ಟೀ ಕುಡಿಯುತ್ತ, 'ಅಣ್ಣ, ಮುಂದ್ನ ವರ್ಸ ಆ ದೊಡ್ಡ ಮಿಕ್ಸರ್ ಒರ್ಸಬ್ಯಾಡಿ ನನ್ ಕೈಲಿ. ಸೊಂಟ ಬಿದ್ದೋಯ್ತದೆ. ಯಂಗಿದ್ರೂ ಅದ್ರಿಂದ ಬಾಕ್ಸ್‌ಗೆ ವೈರೇ ಓಗಿರ್ನಿಲ್ವಲ್ಲ' ಅಂದ. ನಾನು ನಕ್ಕೆ. ಗೊತ್ತಿದ್ದವನ ಹಾಗೆ ನಕ್ಕು, 'ಆಯ್ತು ಬುಡ್ಲಾ' ಅಂದೆ. ಅವನು ಲೋಟ ಇಟ್ಟು ಹೋಗುವವರೆಗೂ ಆ ನಗೆ ಮುಖದ ಮೇಲೆ ಹಾಗೇ ಇತ್ತು. ತೆಗೆಯುವುದು ಹೇಗೆಂದು ತಿಳಿಯಲಿಲ್ಲ.

ಹಾಗಾದರೆ ನಾನು ಅವತ್ತು ಏನು ಮಾಡುತ್ತಿದ್ದೆ? ಹೇಳು. ದೀಪ ಉರಿಯುತ್ತಿತ್ತು. ಮೀಟರಿನ ಮುಳ್ಳು ಕುಣಿಯುತ್ತಿತ್ತು. ಹೆಡ್‌ಫೋನಿನಲ್ಲಿ ನಾನು ಎತ್ತಿದ್ದು ಏಳುತ್ತಿತ್ತು, ಇಳಿಸಿದ್ದು ಇಳಿಯುತ್ತಿತ್ತು. ಅದೆಲ್ಲ ನನ್ನೊಬ್ಬನಿಗೆ ಮಾತ್ರವೇ? ಅಷ್ಟು ಜನರ ನಡುವೆ, ಅಳುವ ಮಗುವಿನ ಕೈಗೆ ಆಟದ ಸ್ಟೇರಿಂಗು ಕೊಟ್ಟು ಕೂರಿಸಿದ ಹಾಗೆ ಕೂರಿಸಿದೆಯಾ ನನ್ನನ್ನು?

ನಿಮ್ಮಪ್ಪ ತೀರಿಕೊಂಡ ಮೇಲೆ ನನ್ನ ಅಕ್ಕ ನಿನ್ನನ್ನು ಭೇರ್ಯದಿಂದ ಕರೆತಂದು ನಮ್ಮ ಮನೆಯಲ್ಲಿ ಬಿಟ್ಟಳು. ನಮಗೆ ಮಕ್ಕಳಿಲ್ಲ, ನೀನೇ ಆದೆ. ಹುಡುಗಿಗ್ಯಾಕೆ ವೈರು, ಬಾಕ್ಸು ಎಂದು ಊರೆಲ್ಲ ಆಡಿಕೊಂಡಾಗ, ಕಲಿಯುವವಳಿಗೆ ಕಲಿಸುತ್ತೇನೆ ಅಂದವನು ನಾನು. ಚುಂಚನಕಟ್ಟೆಯ ನಾಟಕದಲ್ಲಿ ಮೊದಲ ಸಲ ನಿನ್ನ ಕೈಗೆ ಮಿಕ್ಸರ್ ಕೊಟ್ಟೆನಲ್ಲ, ಅವತ್ತು ಅದರ ವೈರು ಬಾಕ್ಸಿಗೆ ಹೋಗಿತ್ತು.

ಎರಡೇ ಪ್ರಶ್ನೆ. ಯಾರ್ಯಾರಿಗೆ ಗೊತ್ತಿತ್ತು? ನಿಮ್ಮತ್ತೆಗೆ ಗೊತ್ತಿತ್ತಾ?

ಸೋಮಶೇಖರ


ಹ್ಯಾಂಡ್‌ಪೋಸ್ಟ್
4 ಮಾರ್ಚ್ 2024

ಮಾವ,

ನಾನೇ ಹೇಳಬೇಕಿತ್ತು. ಹೇಳಲಿಲ್ಲ. ಈಗ ಮುಚ್ಚಿಡದೆ ಬರೆಯುತ್ತೇನೆ.

ವೇದಿಕೆಯ ಮೈಕುಗಳಿಂದ ಎರಡು ದಾರಿ ಮಾಡಿದೆ. ಒಂದು ನಿಮ್ಮ ಮಿಕ್ಸರಿಗೆ, ಅಲ್ಲಿಂದ ನಿಮ್ಮ ಹೆಡ್‌ಫೋನಿಗೆ. ಇನ್ನೊಂದು ವೇದಿಕೆಯ ಕೆಳಗಿಟ್ಟಿದ್ದ ಚಿಕ್ಕ ಮಿಕ್ಸರಿಗೆ. ಅದನ್ನು ನಾನು ಟ್ಯಾಬ್‌ನಲ್ಲಿ ನಡೆಸಿದೆ. ಜನ ಕೇಳಿದ್ದು ಅದನ್ನು. ಶ್ಯಾಮಲಾ ಅವರಿಗೂ ಅವರ ತಂಡಕ್ಕೂ ಗೊತ್ತಿತ್ತು. ವೈರು ಎಳೆದ ಮಲ್ಲೇಶನಿಗೆ ಗೊತ್ತಿತ್ತು. ಮಹೇಶ್‌ಕುಮಾರ್ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಯಾಕೆ ಮಾಡಿದೆ ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ.

ಅದರ ಹಿಂದಿನ ವರ್ಷ, 2023ರಲ್ಲಿ, ಶ್ಯಾಮಲಾ ಒಬ್ಬರೇ ಮುಂದೆ ಬಂದು ಹಾಡುತ್ತಿದ್ದಾಗ ಮೈಕು ಕೂಗಿತು. ಸಣ್ಣ ಕೂಗಲ್ಲ ಮಾವ, ಸೂಜಿ ಚುಚ್ಚಿದ ಹಾಗೆ. ಜನ ಕಿವಿ ಮುಚ್ಚಿಕೊಂಡರು. ಮುಂದೆ ಕೂತಿದ್ದ ಒಬ್ಬ ತಾಯಿ ಕೂಸನ್ನು ಎದೆಗೆ ಒತ್ತಿಕೊಂಡು ಎದ್ದು ಓಡಿದರು. ನಾನು ಟೀ ಅಂಗಡಿಯ ಹತ್ತಿರ ಇದ್ದೆ. ತಿರುಗಿ ನೋಡಿದರೆ ನೀವು ಸದ್ದು ಏರಿಸಿ ಇಳಿಸುವ ಫೇಡರುಗಳ ಮೇಲೆ ಕೈಯಿಟ್ಟುಕೊಂಡು, ತಾಳಕ್ಕೆ ತಲೆಯಾಡಿಸುತ್ತ ನಗುತ್ತಿದ್ದಿರಿ. ನಿಮಗೆ ಅದು ಕೇಳಿಸಲೇ ಇಲ್ಲ. ನಾನು ಓಡಿ ಬಂದು ಎಲ್ಲವನ್ನೂ ಇಳಿಸಿದೆ. ಮಹೇಶ್‌ಕುಮಾರ್ ಬಂದರು, 'ಏನ್ರೀ ಸೋಮಣ್ಣ ಇದು' ಅಂದರು. ಮಿಕ್ಸರಿನ ಮೇಲೆ ಆಗ ನನ್ನ ಕೈಯಿತ್ತು. ನೀವು ಅದನ್ನು ನೋಡಿದಿರಿ. ನೋಡಿ ಅಂದಿರಿ, 'ನಮ್ ಉಡ್ಗಿ ಕೈಯಾಡ್ಸಿಬುಟ್ಲು ಸಾರ್. ಕಲೀತಾವ್ಳೆ. ಇನ್ನೊಂದ್ಸಲ ಅಂಗಾಗಲ್ಲ.'

ನಾನು ಮಿಕ್ಸರಿನಿಂದ ಕೈ ತೆಗೆದೆ. ಟೆಂಪೋದಲ್ಲಿ ಹೇಳುತ್ತೀರಿ ಅಂದುಕೊಂಡೆ. ಹುಣಸೂರಿನಲ್ಲಿ ಊಟಕ್ಕೆ ನಿಲ್ಲಿಸಿದಾಗ ಹೇಳುತ್ತೀರಿ ಅಂದುಕೊಂಡೆ. ನೀವು ಪಲ್ಯ ಚೆನ್ನಾಗಿದೆ ಅಂದಿರಿ. ಯುಗಾದಿಗೆ ನಾನು ಮನೆಗೆ ಬಂದಾಗಲೂ ಕಾದೆ. ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟಾಗಲೂ ಕಾದೆ. ಆ ವರ್ಷ ಕೋಟೆಯಲ್ಲಿ ನನ್ನನ್ನು ಕಂಡವರೆಲ್ಲ 'ಮೈಕು ಕೂಗಿಸಿದ ಹುಡುಗಿ ಇವಳೇನಾ' ಎಂದು ಕೇಳುತ್ತಿದ್ದರು. ಬರಬೇಕಾಗಿದ್ದ ಎರಡು ಕೆಲಸ ಬೇರೆಯವರಿಗೆ ಹೋಯಿತು.

ಶ್ಯಾಮಲಾ ವೇದಿಕೆಯ ಮೇಲಿಂದ ಎಲ್ಲ ನೋಡಿದ್ದರು. ಡಿಸೆಂಬರಿನಲ್ಲಿ ನನ್ನನ್ನು ಕರೆದು, 'ಸೋಮಣ್ಣ ಕೂತರೆ ನಾವು ಹಾಡುವುದಿಲ್ಲ ಸುಕನ್ಯ. ನೀನು ಕೂರು, ಇಲ್ಲದಿದ್ದರೆ ಮಹೇಶ್‌ಕುಮಾರ್ ಅವರಿಗೆ ನಾನೇ ಹೇಳುತ್ತೇನೆ' ಅಂದರು. ಎಲ್ಲರ ಮುಂದೆ ನಿಮ್ಮನ್ನು ಎಬ್ಬಿಸಿ ಕಳಿಸುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಹೀಗೆ ಮಾಡಿದೆ. ಬೇರೆ ದಾರಿ ಇತ್ತೇನೋ. ನನಗೆ ಹೊಳೆಯಲಿಲ್ಲ. ನಿಮ್ಮ ಮೇಲೆ ಸಿಟ್ಟೂ ಇತ್ತು. ಎಷ್ಟು ಪ್ರೀತಿಯಿಂದ ಮಾಡಿದೆ, ಎಷ್ಟು ಸಿಟ್ಟಿನಿಂದ ಮಾಡಿದೆ ಎಂದು ಕೇಳಬೇಡಿ.

ಅವತ್ತಿನ ರೆಕಾರ್ಡಿಂಗನ್ನು ಪೆನ್‌ಡ್ರೈವಿಗೆ ಹಾಕಿ ಕಳಿಸುತ್ತಿದ್ದೇನೆ. ಈಗ ಬೇಡ. ಆಸ್ಪತ್ರೆಗೆ ಹೋಗಿಬಂದ ಮೇಲೆ ಕೇಳಿ.

ಸುಕನ್ಯ


ಕೃಷ್ಣರಾಜನಗರ
15 ಮಾರ್ಚ್ 2024

ಸುಕನ್ಯ,

ನಾನು ಕೇಳಿದ್ದು ಎರಡು. ಒಂದಕ್ಕೆ ಉತ್ತರ ಬರೆದೆ. ಇನ್ನೊಂದನ್ನು ಬಿಟ್ಟೆ. ಬಿಟ್ಟಿದ್ದರಲ್ಲೇ ಉತ್ತರ ಸಿಕ್ಕಿತು.

ಆದರೂ ಅಡುಗೆಮನೆಗೆ ಹೋಗಿ ಕೇಳಿದೆ. ನಿಮ್ಮತ್ತೆ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ, 'ಗೊತ್ತಿತ್ತು ಕಣ್ರೀ. ಯೋಳುದ್ರೆ ಎದೆ ಒಡ್ಕತೀರಿ ಅಂತ ಸುಮ್ನಿದ್ದೆ' ಅಂದಳು. ನಾನು ಭಾನುವಾರದ ಸುದ್ದಿಯನ್ನು ಅವಳಿಗೆ ಎಷ್ಟು ಸಲ ಹೇಳಿದ್ದೆನೋ. ಪ್ರತಿ ಸಲವೂ ಹೊಸದಾಗಿ ಕೇಳಿದವಳ ಹಾಗೆ ಹೂಂಗುಟ್ಟಿದ್ದಳು.

ಹ್ಯಾಂಡ್‌ಪೋಸ್ಟಿನ ಅಂಗಡಿಯಲ್ಲಿರುವ ಬಾಕ್ಸು, ಆಂಪ್ಲಿಫೈಯರು ನನ್ನವು. ಸೋಮವಾರ ಮಲ್ಲೇಶ ಟೆಂಪೋ ತರುತ್ತಾನೆ. ಕೊಟ್ಟು ಕಳಿಸು. ಅಂಗಡಿಯ ಬಾಗಿಲ ಕೀ ಬೇಕಾದರೆ ಇಟ್ಟುಕೋ.

ನಿನ್ನ ಕಾಗದದಲ್ಲಿ ಉಳಿದ ವಿಷಯಕ್ಕೆ ನಾನು ಏನೂ ಹೇಳುವುದಿಲ್ಲ.

ಸೋಮಶೇಖರ


ಹ್ಯಾಂಡ್‌ಪೋಸ್ಟ್
10 ಜೂನ್ 2024

ಮಾವ,

ಮಲ್ಲೇಶ ಅವತ್ತು ಎಲ್ಲವನ್ನೂ ತುಂಬಿಕೊಂಡು ಹೋದ. ಅವನು ಅಳುತ್ತಿದ್ದ, 'ನನ್ ಬಾಯಿಂದ್ಲೇ ಆಯ್ತಲ್ಲಕ್ಕ' ಎಂದು. ಅವನಿಗೆ ಬೈಯಬೇಡಿ.

ಖಾಲಿ ಅಂಗಡಿಯಲ್ಲಿ ಒಂದು ವಾರ ಕೂತಿದ್ದೆ. ಆಮೇಲೆ ಪಿರಿಯಾಪಟ್ಟಣದ ಕಂಠಪ್ಪನವರು ಅವರ ಬಾಕ್ಸುಗಳನ್ನು ಬಾಡಿಗೆಗೆ ಕೊಟ್ಟರು. ನಿಮ್ಮ ಹೆಸರು ಹೇಳಿದ್ದಕ್ಕೆ ಕೊಟ್ಟದ್ದು. ಅದನ್ನೂ ನಿಮಗೆ ತಿಳಿಸಬೇಕು ಅನ್ನಿಸಿತು.

ಅತ್ತೆಯ ಜೊತೆ ಮಾತು ಬಿಟ್ಟಿದ್ದೀರಂತೆ. ಸಿಟ್ಟಿದ್ದರೆ ನನ್ನ ಮೇಲಿರಲಿ. ಅವರು ನಿಮ್ಮ ತಟ್ಟೆಗೆ ಅನ್ನ ಬಡಿಸಿ ಬಾಗಿಲ ಹಿಂದೆ ನಿಲ್ಲುವುದನ್ನು ನೆನೆಸಿಕೊಂಡರೆ ನನಗೆ ಊಟ ಇಳಿಯುವುದಿಲ್ಲ.

ಸುಕನ್ಯ


ಕೃಷ್ಣರಾಜನಗರ
22 ಅಕ್ಟೋಬರ್ 2024

ಸುಕನ್ಯ,

ಆಸ್ಪತ್ರೆಗೆ ಹೋಗಿದ್ದೆ. ನಿಮ್ಮತ್ತೆ ಕರೆದುಕೊಂಡು ಹೋದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಿ ಅಂದರು. ನಾನು ತುಂಬ ಹೊತ್ತು ಒತ್ತದೆ ಕೂತಿದ್ದೆ. ಶುರುವಾಗಲಿ ಎಂದು ಕಾಯುತ್ತಿದ್ದೆ. ಆಚೆ ಇದ್ದ ಹುಡುಗಿಯ ಮುಖ ನೋಡಿದಾಗ, ಅದು ಯಾವಾಗಲೋ ಶುರುವಾಗಿದೆ ಎಂದು ಗೊತ್ತಾಯಿತು.

ಎರಡು ಕಿವಿಗೂ ಮೆಷಿನ್ ಕೊಟ್ಟಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಊರು ಇಷ್ಟು ಗಲಾಟೆಯದ್ದು ಎಂದು ಮರೆತೇ ಹೋಗಿತ್ತು ಅನ್ನಿಸಿತು. ನಿಮ್ಮತ್ತೆ ನಡೆಯುವಾಗ ಸೀರೆ ಸರಸರ ಅನ್ನುತ್ತದೆ. ಅವಳು ಒಬ್ಬಳೇ ಇರುವಾಗ ಸಣ್ಣಗೆ ಏನೋ ಗುನುಗುತ್ತಾಳೆ. ಎಷ್ಟು ವರ್ಷದಿಂದಲೋ. ಮಾತು ಬಿಟ್ಟಿದ್ದವನು ಅದನ್ನು ಕೇಳಿ, 'ಏನ್ ಆಡ್ತಿದ್ದೀಯೆ' ಅಂದೆ. ಅವಳು ಬೆಚ್ಚಿಬಿದ್ದಳು.

ಮೆಷಿನ್ ಹಾಕಿಕೊಂಡ ಮೇಲೆ ನಿನ್ನ ಪೆನ್‌ಡ್ರೈವ್ ಕೇಳಿದೆ. ಅವತ್ತು ನಾನು ಮಾಡಿದ್ದೆಲ್ಲ ನನಗೆ ಒಂದೂ ಬಿಡದೆ ನೆನಪಿದೆ. ಮೂರನೇ ಹಾಡಿನಲ್ಲಿ ಮ್ಯಾಂಡೊಲಿನ್ ಎತ್ತಿದ್ದೆನಲ್ಲ, ಆ ಜಾಗ ಬಂದಾಗ ನನ್ನ ಬೆರಳು ತಾನಾಗಿ ಮೇಜಿನ ಮೇಲೆ ಮೇಲಕ್ಕೆ ಹೋಯಿತು. ಮ್ಯಾಂಡೊಲಿನ್ ಏಳಲಿಲ್ಲ. ನೀನು ಅದನ್ನು ಮುಟ್ಟಿಲ್ಲ. ಉಳಿದವರನ್ನು ಒಂದಿಷ್ಟು ಹಿಂದೆ ತಳ್ಳಿದ್ದೀಯ. ಅವನು ನಾಚಿಕೊಂಡು ನುಡಿಸುತ್ತಿರುವುದೇ ಕೇಳುತ್ತದೆ, ಚೆನ್ನಾಗಿಯೂ ಕೇಳುತ್ತದೆ. ನಾನು ಎತ್ತಿದ ಹಾಗೆ ಎತ್ತಿದ್ದರೆ ಕಿವಿಗೆ ಹೊಡೆಯುತ್ತಿತ್ತು.

ನಿನ್ನದೇ ಸರಿ. ಸರಿ ಎಂದು ಗೊತ್ತಾದ ಮೇಲೆ ಸಂಕಟ ಕಡಿಮೆಯಾಗಬೇಕಿತ್ತು. ಆಗಿಲ್ಲ. ಶ್ಯಾಮಲಾ ಅವತ್ತು ಕಣ್ಣಲ್ಲಿ ನೀರು ತಂದುಕೊಂಡು ಹೊಗಳಿದ್ದು ನಿನ್ನನ್ನು. ಆ ಹೊಗಳಿಕೆ ತಿಂದುಕೊಂಡು ನಾನು ಒಂದು ತಿಂಗಳು ಬದುಕಿದೆ. ಅದನ್ನು ನೆನೆಸಿಕೊಂಡಾಗಲೆಲ್ಲ ಮೈ ಹಿಡಿಯಷ್ಟಾಗುತ್ತದೆ.

ಇಲ್ಲಿನ ಅಂಗಡಿಯನ್ನು ಮಲ್ಲೇಶ ನೋಡಿಕೊಳ್ಳುತ್ತಾನೆ. ನಾನು ಇನ್ನು ಮಿಕ್ಸರ್ ಮುಂದೆ ಕೂರುವುದಿಲ್ಲ.

ಸೋಮಶೇಖರ


ಹ್ಯಾಂಡ್‌ಪೋಸ್ಟ್
16 ಡಿಸೆಂಬರ್ 2024

ಮಾವ,

ನೀವು ಆಸ್ಪತ್ರೆಗೆ ಹೋಗಿಬಂದಿದ್ದಕ್ಕೆ ನನಗೆ ಎಷ್ಟು ಸಮಾಧಾನವಾಯಿತೋ ಬರೆಯಲು ಬರುವುದಿಲ್ಲ.

ಮಹೇಶ್‌ಕುಮಾರ್ ಫೋನ್ ಮಾಡಿದ್ದರು. ನೀವು ಬರುವುದಿಲ್ಲ ಅಂದಿರಂತೆ. ಶ್ಯಾಮಲಾ ನನ್ನ ಹೆಸರು ಹೇಳಿದ್ದಾರೆ. ಮಹೇಶ್‌ಕುಮಾರ್ ಅವರಿಗೆ ಮನಸ್ಸಿರಲಿಲ್ಲ. 'ಹಿಂದೆ ಒಂದ್ಸಲ ನಿನ್ನ ಕೈಲಿ ಎಡವಟ್ಟಾಗಿತ್ತಲ್ಲಮ್ಮ' ಅಂದರು. ಕೊನೆಗೆ ಒಪ್ಪಿದ್ದಾರೆ. ಜನವರಿ ಮೂರನೇ ಭಾನುವಾರ. ಕಾಡಿನ ಅಂಚಲ್ಲವೇ, ಯಾವಾಗಿನಂತೆ ಕತ್ತಲಾಗುವ ಮೊದಲೇ ಮುಗಿಸಬೇಕು.

ನನ್ನ ಪಕ್ಕ ಬಂದು ಕೂರಿ ಎಂದು ಕೇಳುವುದಿಲ್ಲ. ಒಂದು ಮಾತು ಮಾತ್ರ ಕೇಳುತ್ತೇನೆ. ಆ ಕೂಗು ಯಾರದೆಂದು ಮಹೇಶ್‌ಕುಮಾರ್ ಅವರಿಗೆ ನೀವು ಹೇಳಿ. ಫೋನಿನಲ್ಲಾದರೂ ಸರಿ. ನಾನೇ ಹೇಳಿದರೆ ನಂಬುವುದಿಲ್ಲ. ನಂಬಿದರೂ, ಸಾಕಿದ ಮಾವನ ಮೇಲೆ ದೂರು ಹೇಳಿದಳು ಅನ್ನುತ್ತಾರೆ.

ಇದಕ್ಕಿಂತ ಹೆಚ್ಚಿಗೆ ನಿಮ್ಮಿಂದ ನನಗೆ ಏನೂ ಬೇಡ.

ಸುಕನ್ಯ


ಕೃಷ್ಣರಾಜನಗರ
23 ಜನವರಿ 2025

ಸುಕನ್ಯ,

ನಿನ್ನ ಡಿಸೆಂಬರ್ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಬಂದು ನೋಡೋಣ ಅನ್ನಿಸಿತು. ನಿನಗೆ ತಿಳಿಸದೆ ನಿಮ್ಮತ್ತೆಯನ್ನು ಕರೆದುಕೊಂಡು ಹುಣಸೂರಿನ ಮೇಲೆ ಬಸ್ಸಿನಲ್ಲಿ ಬಂದೆ. ಮಾವಿನ ತೋಪಿನ ಆ ಕೊನೆಯಲ್ಲಿ, ಬೇಲಿಯ ಹತ್ತಿರ ಜಮಖಾನ ಹಾಸಿಕೊಂಡು ಕೂತಿದ್ದೆವು. ಅಷ್ಟು ಜನರಲ್ಲಿ ನೀನು ನೋಡಿರಲಾರೆ.

ಚೆನ್ನಾಗಿ ನಡೆಸಿದೆ. ಬ್ಯಾಂಜೋ ಗಂಟೆಯ ಹಾಗಿತ್ತು. ಗಾಳಿ ಬಂದಾಗ ನೀನು ಏನು ಮಾಡಿದೆಯೋ, ಏನೂ ಮಾಡದ ಹಾಗೆ ಕೇಳಿತು. ನಿಮ್ಮತ್ತೆ ಕಣ್ಣೊರೆಸಿಕೊಂಡಳು.

ಮಧ್ಯದಲ್ಲಿ ಮಹೇಶ್‌ಕುಮಾರ್ ಮೈಕು ಹಿಡಿದು ನಿನ್ನ ಬಗ್ಗೆ ಆಡಿದ ಮಾತು ನನಗೆ ಪೂರ್ತಿ ಕೇಳಿಸಿತು. ಮೆಷಿನ್ ಇತ್ತಲ್ಲ. 'ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಕೈ ತಪ್ಪಿ ಮೈಕು ಕೂಗಿಸಿದ್ದ ಹುಡುಗಿ, ನಮ್ಮ ಸೋಮಣ್ಣನಂಥ ಗುರು ತಿದ್ದಿ ತೀಡಿದ್ದರಿಂದ ಇವತ್ತು ಹೇಗಾಗಿದ್ದಾಳೆ ನೋಡಿ' ಅಂದರು. ಜನ ಚಪ್ಪಾಳೆ ಹೊಡೆದರು. ನೀನು ತಲೆ ಎತ್ತಲಿಲ್ಲ.

ನಾನು ಎದ್ದು ನಿಂತೆ ಕಣವ್ವ. ನಿಮ್ಮತ್ತೆಯನ್ನು ಬೇಕಾದರೆ ಕೇಳು. ಹೇಳಿಬಿಡೋಣ ಎಂದೇ ಎದ್ದದ್ದು. ಅಷ್ಟರಲ್ಲಿ ತಂಡದವರು ಹಾಡು ಶುರುಮಾಡಿಬಿಟ್ಟರು. ಹಾಡಿನ ನಡುವೆ ಏನು ಮಾತಾಡುವುದು ಎಂದು ಕೂತೆ. ಮುಗಿದ ಮೇಲೆ ಕೋಟೆಯ ಕೊನೆಯ ಬಸ್ಸು ತಪ್ಪುತ್ತದೆಂದು ಬೇಗ ಹೊರಟೆವು.

ಎದ್ದು ನಿಂತಿದ್ದೆ ಎನ್ನುವುದು ನಿನಗೆ ತಿಳಿದಿರಲಿ ಎಂದು ಬರೆದೆ. ನಿನ್ನ ಬಾಕ್ಸುಗಳನ್ನು ವಾಪಸು ಕಳಿಸುತ್ತೇನೆ. ಯಾವಾಗ ಟೆಂಪೋ ಕಳಿಸಲಿ, ಬರೆ.

ಮಾವ


ಹ್ಯಾಂಡ್‌ಪೋಸ್ಟ್
1 ಫೆಬ್ರವರಿ 2025

ಮಾವ,

ಬಾಕ್ಸು ಬೇಡ. ಅಂಗಡಿಯ ಕೀಯನ್ನು ಮಲ್ಲೇಶನ ಕೈಯಲ್ಲಿ ಕಳಿಸಿದ್ದೇನೆ. ಮುಂದಿನ ತಿಂಗಳಿಂದ ಪಿರಿಯಾಪಟ್ಟಣದಲ್ಲಿ ಕಂಠಪ್ಪನವರ ಜೊತೆ ಇರುತ್ತೇನೆ. ಅತ್ತೆಯನ್ನು ನೋಡಲು ಬರುತ್ತೇನೆ. ಅವರಿಗೆ ಬೇಜಾರು ಮಾಡಿಕೊಳ್ಳಬೇಡಿ ಅನ್ನಿ.

ನೀವು ಬಂದಿದ್ದು ನನಗೆ ಗೊತ್ತಿತ್ತು. ಬೇಲಿಯ ಹತ್ತಿರ ಜಮಖಾನ ಹಾಸುವಾಗಲೇ ಅತ್ತೆಯ ಹಸಿರು ಸೀರೆ ಕಂಡಿತ್ತು. ಮಹೇಶ್‌ಕುಮಾರ್ ಮಾತು ಮುಗಿಸಿದಾಗ ನಾನು ತಲೆ ತಗ್ಗಿಸಿದ್ದೆ, ನಿಜ. ಆದರೆ ನೀವು ಎದ್ದದ್ದನ್ನು ನೋಡಿದೆ. ನೀವು ಒಂದು ಕೈಯನ್ನೂ ಎತ್ತಿದಿರಿ, ಅದನ್ನು ಬರೆದಿಲ್ಲ.

ಆಗ ಹಾಡು ಶುರುವಾಗಿರಲಿಲ್ಲ ಮಾವ. ಎಲ್ಲರೂ ಮೈಕಿನ ಸುತ್ತ ನಿಂತಿದ್ದರು, ಶ್ಯಾಮಲಾ ಪಿಟೀಲನ್ನು ಗದ್ದಕ್ಕೆ ಇಟ್ಟುಕೊಂಡಿದ್ದರು. ನಾನು ಮೈಕು ತೆರೆಯಲಿಲ್ಲ. ಎಲ್ಲ ಫೇಡರುಗಳನ್ನೂ ಕೆಳಗೆ ಒತ್ತಿ ಹಿಡಿದಿದ್ದೆ. ಯಾಕೆ ಇನ್ನೂ ತೆರೆದಿಲ್ಲ ಎಂದು ಶ್ಯಾಮಲಾ ನನ್ನ ಕಡೆ ನೋಡಿದರು. ನಾನು ತಾಳಿ ಎಂದು ಸನ್ನೆ ಮಾಡಿದೆ. ತೋಪೆಲ್ಲ ನಿಶ್ಶಬ್ದವಾಗಿತ್ತು. ಅಲ್ಲಿಂದ ನೀವು ಮೆಲ್ಲಗೆ ಆಡಿದ್ದರೂ ಎಲ್ಲರಿಗೂ ಕೇಳುತ್ತಿತ್ತು.

ನೀವು ಕೂತಿರಿ. ಆಮೇಲೆ ತೆರೆದೆ.

ಸುಕನ್ಯ